ತಡವಾಗಿ ಬಂದ ದಳವಾಯಿ

ಕೆ. ಹೊಸಕೋಟೆ
6 ನವೆಂಬರ್ 2023

ಮೀನಾಕ್ಷಮ್ಮನವರಿಗೆ ಮಹಾದೇವಯ್ಯನ ನಮಸ್ಕಾರ.

ನಿಮ್ಮ ಯಜಮಾನರು, ನಮ್ಮ ಲಿಂಗಪ್ಪ ಮೇಷ್ಟ್ರು ತೀರಿಹೋಗಿ ಆರು ವರ್ಷವಾಯಿತು. ನೀವು ಇಲ್ಲಿನ ಮನೆ ಖಾಲಿ ಮಾಡಿ ಗದಗಿಗೆ, ತಂಗಿಯ ಮನೆಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಪತ್ರ ಹಾಕುತ್ತೇನೆ ಎಂದಿದ್ದೆ. ಇದೇ ಮೊದಲ ಪತ್ರ. ಮೊದಲು ಬೈದು ಮುಗಿಸಿ, ಆಮೇಲೆ ಮುಂದಕ್ಕೆ ಓದಿ.

ನಮ್ಮ ನಾಟಕ ಸಂಘಕ್ಕೆ ಐವತ್ತು ತುಂಬುತ್ತಿದೆ. ಮೇಷ್ಟ್ರು ಬರೆದ 'ಮಣಿಗಿರಿ ಸಿಂಹಾಸನ'ವನ್ನು ಫೆಬ್ರವರಿ ನಾಲ್ಕು, ಭಾನುವಾರ ಮತ್ತೆ ಆಡುವುದೆಂದು ತೀರ್ಮಾನವಾಗಿದೆ. ಹಗಲು ಹನ್ನೊಂದಕ್ಕೆ ಶುರು, ಸಂಜೆ ನಾಲ್ಕಕ್ಕೆ ಮಂಗಳ. ನಗಬೇಡಿ. ಈಗ ಕತ್ತಲಾದ ಮೇಲೆ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ, ಆನೆ ಕಾಟ ಹಾಗಿದೆ. ಹಿಂಡು ಯಾವ ತೋಟದಲ್ಲಿದೆ ಎಂದು ಅರಣ್ಯ ಇಲಾಖೆಯವರು ದಿನಾ ಮೊಬೈಲಿಗೆ ಕಳಿಸುತ್ತಾರೆ. ಹಾಗಾಗಿ ರಾಜಾಧಿರಾಜರೆಲ್ಲ ಮಟಮಟ ಮಧ್ಯಾಹ್ನ ಬೆವರಿ, ಮೀಸೆ ಜಾರಿಸಿಕೊಂಡು ಯುದ್ಧ ಮಾಡುವುದನ್ನು ನೋಡುವ ಯೋಗ ಊರಿಗೆ ಬಂದಿದೆ.

ದಳವಾಯಿ ವೀರಣ್ಣನಾಯಕನ ಪಾತ್ರ ನನಗೇ. ನನಗೀಗ ಎಪ್ಪತ್ತಮೂರು. ನಮಗೆಲ್ಲ ಬಣ್ಣ ಹಚ್ಚುತ್ತಿದ್ದ ಹುಚ್ಚಣ್ಣ ಬದುಕಿದ್ದಿದ್ದರೆ ಬಿಳಿ ಮೀಸೆ ಅಂಟಿಸುವ ಕೆಲಸ ಉಳಿಯಿತೆಂದು ಸಂತೋಷಪಡುತ್ತಿದ್ದ. ನಮ್ಮಣ್ಣನ ಮಗ ಗುರು ಈ ಸಲದ ಯುವರಾಜ. ನಲವತ್ತಮೂರು ವರ್ಷದ ಯುವರಾಜ, ಸೊಂಟಪಟ್ಟಿಗೆ ಒಂದು ಗೇಣು ಬಟ್ಟೆ ಹೆಚ್ಚಿಗೆ ಬೇಕಾಯಿತು.

ಬರೆಯಬೇಕಾದ್ದು ಬೇರೆ. ತಾಲೀಮು ನಡೆಸುತ್ತಿರುವವನು ಶ್ರೀನಾಥ್ ಎಂಬ ಹುಡುಗ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಅವನು ಸಂಘದ ಟ್ರಂಕಿನ ತಳದಿಂದ ಮೇಷ್ಟ್ರ ಕೈಬರಹದ ಮೊದಲ ಪ್ರತಿಯನ್ನು ತೆಗೆದಿದ್ದಾನೆ. ಅದರಲ್ಲಿ ಕೊನೆಯ ದೃಶ್ಯವೇ ಬೇರೆ. ನಾವು ಆಡುತ್ತಿದ್ದುದು ನಿಮಗೆ ಗೊತ್ತಲ್ಲ: ಮಣಿಗಿರಿಯ ಅರಸ ಸಾಯುವಾಗ ತನ್ನ ಕತ್ತಿಯನ್ನು ದಳವಾಯಿಗೆ ಕೊಟ್ಟು, ನನ್ನ ಎಳೆಯ ಮಗನನ್ನು ಕಾಯಿ ಎನ್ನುತ್ತಾನೆ. ಅರಸನ ತಮ್ಮ ಭೈರವರಸ ಸಿಂಹಾಸನ ಹತ್ತಿ ಕೂತಾಗ ದಳವಾಯಿ ಅವನ ಕಡೆ ಸೇರಿಬಿಡುತ್ತಾನೆ. ಹುಡುಗ ದೊಡ್ಡವನಾಗಿ ದಂಡು ಕಟ್ಟಿಕೊಂಡು ಬಂದಾಗ, ಕೊನೆಯಲ್ಲಿ ಮುದುಕ ಮನಸ್ಸು ತಿರುಗಿ, ಮಂಡಿಯೂರಿ, ಕತ್ತಿ ನೀಡಿ, 'ಕುಮಾರಾ, ಇದು ನಿನ್ನ ತಂದೆಯದು. ಇಷ್ಟು ದಿನ ಕೂತವನನ್ನು ಕಾದೆ, ಕೂರಬೇಕಾದವನನ್ನು ಮರೆತೆ. ತಡವಾಗಿ ಬಂದಿದ್ದೇನೆ, ತೆಗೆದುಕೋ' ಎನ್ನುತ್ತಾನೆ. ಶ್ರೀನಾಥನ ಪ್ರತಿಯಲ್ಲಿ ಈ ಮಾತೇ ಇಲ್ಲ. ಅಲ್ಲಿ ದಳವಾಯಿ 'ಅನ್ನ ಕೊಟ್ಟ ಅರಸನ ಪಕ್ಷ ಬಿಡಲಾರೆ, ಕತ್ತಿ ಎತ್ತು ಕುಮಾರಾ' ಎಂದು ಹೊಡೆದಾಡಿ ಸಾಯುತ್ತಾನೆ. ಅದೇ ನಿಜವಾದ ಪಾಠ, ಅದನ್ನೇ ಆಡೋಣ ಎಂದು ಇವನ ಹಟ.

ಸೈಡ್ ವಿಂಗಿನಲ್ಲಿ ನಿಂತು ನಮಗೆಲ್ಲ ಮರೆತ ಮಾತು ಎತ್ತಿಕೊಡುತ್ತಿದ್ದವರು ನೀವು. ನೀವು ಹಿಡಿಯುತ್ತಿದ್ದ ಪ್ರತಿ ನಿಮ್ಮ ಬಳಿಯೇ ಇರಬೇಕು. ಮೇಷ್ಟ್ರ ಪಾಠ ಯಾವುದು ಎಂದು ಒಂದು ಗೆರೆ ಬರೆದು ಕಳಿಸಿ. ಆ ಮಾತಿಲ್ಲದೆ ನಾನು ರಂಗ ಹತ್ತಲಾರೆ.

ಇತಿ,
ಮಹಾದೇವಯ್ಯ

*

ಗದಗ
17 ನವೆಂಬರ್ 2023

ದಳವಾಯಿಗಳಿಗೆ,

ಹೇಳಿದಂತೆ ಮೊದಲು ಬೈದು ಮುಗಿಸಿದೆ. ತಂಗಿ ಗಾಬರಿಯಾಗಿ ಯಾರ ಪತ್ರ ಎಂದು ಕೇಳಿದಳು. ಮೂರನೇ ದೃಶ್ಯದ ಪದವನ್ನು ಒಂದು ಸಲವೂ ತಾಳಕ್ಕೆ ಸರಿಯಾಗಿ ಹಾಡದ ಮಹಾನುಭಾವರದು ಎಂದೆ.

ಅಲ್ಲ, ಈ ಕಾಲದಲ್ಲಿ ಅಂಚೆಯಲ್ಲಿ ಯಾರು ಬರೆಯುತ್ತಾರೆ? ನನ್ನ ನಂಬರ್ ಗುರುವಿನ ಹತ್ತಿರ ಇದೆಯಲ್ಲ. ಫೋನ್ ಮಾಡಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಮಾತಾಡಲು ಬಿಗುಮಾನವೋ ಏನೋ.

ಇಲ್ಲಿ ಒಣಹವೆ. ಬಟ್ಟೆ ಹರವಿದ ಗಳಿಗೆಗೆ ಒಣಗುತ್ತದೆ. ಮೊದಮೊದಲು ಅದೇ ದೊಡ್ಡ ಸುಖ ಅನ್ನಿಸುತ್ತಿತ್ತು. ಈಗ ನವೆಂಬರ್ ಬಂದರೆ ಸಾಕು, ಕಣದಲ್ಲಿ ಕಾಫಿ ಹಣ್ಣು ಹರವಿದಾಗಿನ ಆ ಹುಳಿವಾಸನೆ ನೆನಪಾಗುತ್ತದೆ. ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ಕೂತು ಯಜಮಾನರು ಹಾರ್ಮೋನಿಯಂ ಒತ್ತುತ್ತಿದ್ದುದು, ನೀವೆಲ್ಲ ಗೋಣಿತಾಟು ಹಾಸಿಕೊಂಡು ಕೂತು ತಾಳ ತಪ್ಪಿಸುತ್ತಿದ್ದುದು. ಆಗ ಟೀ ಸೋಸಿ ಸೋಸಿ ಬೇಸರಪಟ್ಟಿದ್ದೆ. ಈಗ ಇಪ್ಪತ್ತು ಲೋಟ ಟೀ ಮಾಡುವಷ್ಟು ಜನ ಮನೆಗೆ ಬಂದರೆ ಸಾಕೆನ್ನಿಸುತ್ತದೆ.

ನೀವು ಕೇಳಿದ್ದಕ್ಕೆ ಉತ್ತರ. ಪ್ರತಿ ನನ್ನಲ್ಲಿದೆ. ಅದರ ಕೊನೆಯ ಹಾಳೆ ಆಮೇಲೆ ಅಂಟಿಸಿದ್ದು. ಮೇಷ್ಟ್ರು ಮೊದಲು ಬರೆದದ್ದು ಆ ಹುಡುಗನ ಕೈಯಲ್ಲಿ ಇರುವುದೇ. ಅವರ ಮಾತು ಅವರದ್ದಾಗಿಯೇ ಉಳಿಯಲಿ. ಅದನ್ನೇ ಆಡಿ. ಇದಕ್ಕಿಂತ ಹೆಚ್ಚಿಗೆ ಹೇಳುವುದೇನೂ ಇಲ್ಲ.

ಮೀನಾಕ್ಷಮ್ಮ

*

ಕೆ. ಹೊಸಕೋಟೆ
28 ನವೆಂಬರ್ 2023

ಮೀನಾಕ್ಷಮ್ಮನವರೇ,

ಇಲ್ಲಿ ಟವರ್ ಸರಿಯಾಗಿ ಸಿಗುವುದಿಲ್ಲ, ಅದಕ್ಕೇ ಪತ್ರ. ಬಿಗುಮಾನ ಏನಿಲ್ಲ.

ನಿಮ್ಮ ಉತ್ತರ ಓದಿ ಎರಡು ದಿನ ತಾಲೀಮಿಗೆ ಹೋಗಲಿಲ್ಲ. ಹಣ್ಣು ಕೊಯ್ಲಿನ ನೆಪ ಹೇಳಿದೆ. ನಮಗಿರುವ ಎರಡು ಎಕರೆಗೆ ಎಷ್ಟು ದಿನದ ಕೊಯ್ಲು ಎಂದು ಊರಿಗೆಲ್ಲ ಗೊತ್ತು.

ಆ ಮಾತು ನನಗೇಕೆ ಅಷ್ಟು ಬೇಕು ಎಂದು ನಿಮಗೂ ಮೇಷ್ಟ್ರಿಗೂ ನಾನು ಹೇಳಿರಲಿಲ್ಲ. ಈಗ ಬರೆಯುತ್ತೇನೆ. ಎಂಬತ್ತೇಳರ ಬೇಸಿಗೆಯಲ್ಲಿ ನಮ್ಮ ನಡುವಿನ ಅಣ್ಣ, ಗುರುವಿನ ಅಪ್ಪ, ಮರಗಸಿಗೆಂದು ನೆರಳಿನ ಕೊಂಬೆ ಕಡಿಯುವಾಗ ಸಿಲ್ವರ್ ಮರದಿಂದ ಬಿದ್ದು ತೀರಿಕೊಂಡ. ಹಿಂದಿನ ದಿನ ಕೂಡ ನನ್ನ ಜೊತೆಗೇ ಮರ ಹತ್ತಿದ್ದವನು. ಆಸ್ಪತ್ರೆಗೆ ಒಯ್ಯುವ ಜೀಪಿನಲ್ಲಿ ನನ್ನ ಕೈ ಹಿಡಿದು 'ಗುರೂನ ಕೈ ಬಿಡಬ್ಯಾಡ ಕಣೋ' ಎಂದ. ಹೂಂ ಎಂದೆ. ವರ್ಷ ತಿರುಗುವುದರೊಳಗೆ ದೊಡ್ಡಣ್ಣ ಶಿವಯ್ಯ ಜಮೀನನ್ನು ಎರಡೇ ಪಾಲು ಮಾಡೋಣ, ಅತ್ತಿಗೆ ಮಗನನ್ನು ಕರೆದುಕೊಂಡು ಬೆಳಗೋಡಿನ ತವರಿಗೆ ಹೋಗಲಿ ಎಂದ. ನನ್ನನ್ನು ಸಾಕಿ ಬೆಳೆಸಿದವನು ಶಿವಯ್ಯ. ಅವನ ಎದುರು ಕೂತು ಉಸಿರೆತ್ತಲಾರದೆ ಅದಕ್ಕೂ ಹೂಂ ಎಂದೆ. ಅತ್ತಿಗೆ ನನ್ನ ಮುಖ ನೋಡದೆ, ಒಂದು ಟ್ರಂಕು ಹೊತ್ತುಕೊಂಡು ಹೊರಟುಹೋದರು.

ಅದಾಗಿ ಹದಿನೈದು ದಿನಕ್ಕೆ ಬೆಳಗೋಡಿನಲ್ಲಿ ನಮ್ಮ ನಾಟಕ. ಆಗೆಲ್ಲ ರಾತ್ರಿಯಿಡೀ ಆಡಿ ಕೊನೆಯ ದೃಶ್ಯಕ್ಕೆ ಬರುವ ಹೊತ್ತಿಗೆ ಬೆಳಕು ಹರಿಯುತ್ತಿತ್ತಲ್ಲ, ಹಾಗೆ ಹರಿದಿತ್ತು. ಮುಂದಿನ ಸಾಲಿನಲ್ಲಿ ಹೆಂಗಸರ ನಡುವೆ ಅತ್ತಿಗೆ. ಪಕ್ಕದಲ್ಲಿ ಎಂಟು ವರ್ಷದ ಗುರು ಕಂಬಳಿ ಹೊದ್ದು ಕಣ್ಣು ಬಿಟ್ಟುಕೊಂಡು ಕೂತಿದ್ದ. ನಾನು ಮಾತು ಮರೆತೆ. ವಿಂಗಿನ ಕಡೆ ನೋಡಿದೆ. ನೀವು ಎತ್ತಿಕೊಟ್ಟಿರಿ. 'ತಡವಾಗಿ ಬಂದಿದ್ದೇನೆ' ಎನ್ನುವಾಗ ಯುವರಾಜನನ್ನು ಬಿಟ್ಟು ಗುರುವನ್ನೇ ನೋಡಿದೆ. ಹಿಂದೆ ಆಡಿದಾಗ ಹೊಡೆದಾಡಿ ಸಾಯುವ ಕೊನೆಯಿತ್ತು, ಮೇಷ್ಟ್ರೇ ಅದನ್ನು ತಿದ್ದಿದ್ದಾರೆ, ನನಗೆ ಹೇಳಲು ಮರೆತಿದ್ದಾರೆ ಎಂದುಕೊಂಡೆ. ಬಣ್ಣ ಕೂಡ ತೊಳೆಯದೆ ಮೊದಲ ಬಸ್ಸು ಹತ್ತಿ ಮನೆಗೆ ಬಂದೆ. ಶಿವಯ್ಯ ಹಲ್ಲುಜ್ಜುತ್ತಾ ನಿಂತಿದ್ದ. 'ಅಣ್ಣಾ, ಪಾಲು ಮೂರಾಗ್ಬೇಕು. ಗುರುಂದೂ ಒಂದೈತೆ' ಎಂದೆ. ಬಾಯಿ ಮುಕ್ಕಳಿಸಿ ಉಗುಳಿ, 'ನೀನ್ ನನ್ ಪಾಲಿಗೆ ಸತ್ತೋದೆ' ಎಂದ. ಸಾಯುವವರೆಗೂ ಮತ್ತೆ ಮಾತಾಡಲಿಲ್ಲ. ಆದರೆ ಪಾಲು ಮೂರಾಯಿತು, ಅತ್ತಿಗೆ ಮಗನ ಜೊತೆ ವಾಪಸು ಬಂದರು.

ಆಲೂರು ಸಂತೆಯಲ್ಲಿ ಇವತ್ತಿಗೂ ನಾನು ಬಸ್ಸಿಗೆ ಓಡಿ ಬಂದರೆ 'ಏನ್ ದಳವಾಯಿಗಳು, ಇವತ್ತೂ ತಡ ಮಾಡ್ಬುಟ್ರಾ' ಎನ್ನುತ್ತಾರೆ. ನಾನೂ ನಗುತ್ತೇನೆ. ಜೀವನದಲ್ಲಿ ಸರಿಯಾದ ಕೆಲಸ ಅಂತ ಮಾಡಿದ್ದು ಅದೊಂದೇ, ಅದೂ ಮೇಷ್ಟ್ರು ಬಾಯಿಗೆ ಹಾಕಿದ್ದರಿಂದ. ಈಗ ಅವರು ಅದನ್ನು ಬರೆಯಲೇ ಇಲ್ಲವೆಂದರೆ ಆ ಧೈರ್ಯ ನನಗೆ ಎಲ್ಲಿಂದ ಬಂತು? ಅದೂ ಗುರುವೇ ಎದುರು ಯುವರಾಜನಾಗಿ ನಿಂತಿರುವಾಗ, ಅವನ ಮೇಲೆ ಕತ್ತಿ ಎತ್ತಿ ಸಾಯಬೇಕಂತೆ ನಾನು.

ಇನ್ನೊಂದು ಸಲ ಯೋಚಿಸಿ ಬರೆಯಿರಿ. ಅಂದಹಾಗೆ ಈ ಸಲ ನಾನು ಇಡೀ ಪಾತ್ರವನ್ನು ಬಾಯಿಪಾಠ ಮಾಡಿದ್ದೇನೆ. ಮೂರನೇ ದೃಶ್ಯದ ಪದವೂ ಸೇರಿ. ಯಾರೂ ಎತ್ತಿಕೊಡಬೇಕಾಗಿಲ್ಲ.

ನಿಮ್ಮ
ಮಹಾದೇವಯ್ಯ

*

ಕೆ. ಹೊಸಕೋಟೆ
8 ಜನವರಿ 2024

ಮೀನಾಕ್ಷಮ್ಮನವರಿಗೆ,

ನಲವತ್ತು ದಿನ ಕಾದೆ. ಉತ್ತರ ಬರಲಿಲ್ಲ. ಮನೆಯ ಗುಟ್ಟು ಬರೆದು ನಿಮಗೆ ಮುಜುಗರ ಮಾಡಿದೆನೇನೋ. ಅಥವಾ ಮೇಷ್ಟ್ರ ಪಾಠವನ್ನು ಪ್ರಶ್ನೆ ಮಾಡಿದ್ದು ನಿಮಗೆ ನೋವಾಗಿರಬೇಕು. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಶ್ರೀನಾಥನಿಗೆ ಒಪ್ಪಿಕೊಂಡೆ. ಮೇಷ್ಟ್ರು ಬರೆದಂತೆಯೇ ಆಡುತ್ತೇನೆ, ಅವರ ಋಣ ಅಷ್ಟಾದರೂ ಇದೆ. ಕತ್ತಿವರಸೆ ಕಲಿಸುತ್ತಿದ್ದಾರೆ. ಭೈರವರಸನ ಪಾತ್ರದ ರವಿಚಂದ್ರ ಪಕ್ಕದಲ್ಲಿ ನಿಂತು ಮೀಸೆ ತಿರುವುತ್ತಾನೆ, ಗುರು ನನಗೆ ಪೆಟ್ಟಾಗದಂತೆ ಕತ್ತಿ ಬೀಸುತ್ತಾನೆ, ನಾನು ಸಾಯುತ್ತೇನೆ. ಮೊನ್ನೆ ನಾನು ಬಿದ್ದಾಗ ಅವನು ಪಾತ್ರ ಮರೆತು ಓಡಿ ಬಂದು ಮಂಡಿ ಉಜ್ಜಿದ. ಶ್ರೀನಾಥ್ ಬೈದ.

ವಿಂಗಿನಲ್ಲಿ ಈಗ ನಮ್ಮ ಶಾಲೆಯ ದೀಪಶ್ರೀ ಟೀಚರ್ ನಿಲ್ಲುತ್ತಾರೆ. ಒಳ್ಳೆಯ ಧ್ವನಿಯಂತೆ, ಎಲ್ಲರೂ ಹಾಗೆ ಹೇಳುತ್ತಾರೆ.

ನೀವು ಬರುವುದಾದರೆ ಬನ್ನಿ ಎಂದು ಕರೆಯಬೇಕೆಂದಿದ್ದೆ. ಬೇಡ. ಆ ಕೊನೆಯನ್ನು ನೀವು ನೋಡುವುದು ನನಗೆ ಇಷ್ಟವಿಲ್ಲ.

ಮಹಾದೇವಯ್ಯ

*

ಗದಗ
27 ಜನವರಿ 2024

ಮಹಾದೇವಯ್ಯನವರೇ,

ಡಿಸೆಂಬರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡೆ. ಒಂದು ತಿಂಗಳು ಓದಬೇಡಿ, ಬರೆಯಬೇಡಿ ಎಂದರು. ಆದರೆ ಅದು ನೆಪ. ತಂಗಿಯ ಕೈಯಲ್ಲಿ ಬರೆಸಬಹುದಿತ್ತು. ಇದು ಬರೆಸುವಂಥ ಪತ್ರವಾಗಿರಲಿಲ್ಲ.

ನಿಮ್ಮ ಪತ್ರವನ್ನು ಪೊರೆಗಣ್ಣಿನಲ್ಲಿ ಒಂದು ಸಲ, ಹೊಸ ಕಣ್ಣಿನಲ್ಲಿ ನಾಲ್ಕು ಸಲ ಓದಿದೆ. ಮನೆಯ ಗುಟ್ಟು ಎಂದು ಬರೆದಿದ್ದೀರಿ. ಅದು ನನಗೆ ಗುಟ್ಟೇ ಆಗಿರಲಿಲ್ಲ. ನಿಮ್ಮ ಮನೆಗೂ ನಮ್ಮ ಮನೆಗೂ ಒಂದೇ ಬಾವಿ. ನಿಮ್ಮ ಅತ್ತಿಗೆ ಕೊಡ ಇಳಿಬಿಟ್ಟು, ಹಗ್ಗ ಎಳೆಯುವುದನ್ನು ಮರೆತು ನಿಂತಿರುತ್ತಿದ್ದಳು. ಹೊರಡುವ ಹಿಂದಿನ ದಿನ ನನ್ನ ಹತ್ತಿರ ಒಂದೇ ಮಾತು ಹೇಳಿದಳು: 'ದೊಡ್ಡೋರು ಕೆಟ್ಟೋರು ಅನ್ನೋದು ಗೊತ್ತಿತ್ತು ಕಣಕ್ಕಾ. ಚಿಕ್ಕೋರು ಸುಮ್ಕಿದ್ರಲ್ಲ, ಅದು ತಡಿಯಕಾಗಕಿಲ್ಲ.'

ಬೆಳಗೋಡಿನ ಆ ಬೆಳಗ್ಗೆ ನನ್ನ ಪ್ರತಿಯಲ್ಲಿ ಕೊನೆಯ ಹಾಳೆ ಇರಲಿಲ್ಲ. ಹುಚ್ಚಣ್ಣ ಮುಖಕ್ಕೆ ಬಳಿಯುವ ಸಫೇದ ಪುಡಿ ಕಟ್ಟಿಕೊಳ್ಳಲು ಅದನ್ನೇ ಹರಿದುಕೊಂಡಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ, ಕೊನೆಯ ಹಾಳೆ ಖಾಲಿಯದ್ದಿರುತ್ತದೆ ಎಂದುಕೊಂಡಿದ್ದ. ಯಜಮಾನರು ಆ ಬದಿಯಲ್ಲಿ ಹಾರ್ಮೋನಿಯಂ ಮುಂದೆ. ನೀವು ಎಂದಿನಂತೆ ಮರೆತು ನನ್ನ ಕಡೆ ನೋಡಿದಿರಿ. ನಿಮ್ಮ ಹಿಂದೆ, ಮುಂದಿನ ಸಾಲಿನಲ್ಲಿ, ಅವಳೂ ಆ ಮಗುವೂ ಕಾಣುತ್ತಿದ್ದರು.

ಹಾಳೆ ಇಲ್ಲದ್ದಕ್ಕೆ ಬಾಯಿಗೆ ಬಂದದ್ದು ಹೇಳಿದೆ ಎಂದು ಯಜಮಾನರಿಗೆ ಹೇಳಿದ್ದೆ. ಅದು ಸುಳ್ಳು. ಆ ಹಾಳೆ ನನಗೆ ಅಕ್ಷರ ಅಕ್ಷರವೂ ಬಾಯಿಪಾಠವಿತ್ತು. ಬೇಕೆಂದೇ ಬೇರೆ ಹೇಳಿದೆ. ನನ್ನ ಗಂಡ ಬರೆದದ್ದನ್ನು ಬಿಟ್ಟು, ನಿಮ್ಮ ಬಾಯಿಂದ ಏನು ಬರಬೇಕೆಂದು ನನಗೆ ಆಸೆಯಿತ್ತೋ ಅದನ್ನು ಎತ್ತಿಕೊಟ್ಟೆ. ಆ ಮಾತು ಮೇಷ್ಟ್ರದಲ್ಲ, ನನ್ನದು.

ಅವರು ಎಂಟು ದಿನ ನನ್ನೊಡನೆ ಮಾತಾಡಲಿಲ್ಲ. ಒಂಬತ್ತನೇ ದಿನ ಹಾಳೆ ಎಳೆದುಕೊಂಡು ಆ ಮಾತನ್ನು ತಮ್ಮ ಕೈಯಲ್ಲೇ ಬರೆದು ಅಂಟಿಸಿದರು. ಆಮೇಲೆ ಊರೂರಿನಲ್ಲಿ ಜನ ಆ ಮಾತಿಗೇ ಚಪ್ಪಾಳೆ ತಟ್ಟಿ ಅವರ ಕೈ ಹಿಡಿದು ಹೊಗಳುತ್ತಿದ್ದರು. ಅವರು ಕೈ ಮುಗಿದು ಸುಮ್ಮನಿರುತ್ತಿದ್ದರು, ನಾನೂ ಸುಮ್ಮನಿದ್ದೆ. ಅವರು ಸತ್ತ ಮೇಲೂ ಅದನ್ನೇ ನಡೆಸಿಕೊಂಡು ಬಂದೆ. ಅವರ ಮರ್ಯಾದೆಗೆಂದು ನಿಮಗೆ ಹಾಗೆ ಉತ್ತರ ಬರೆದೆ. ಅದರಿಂದ ನಿಮ್ಮಲ್ಲಿ ಏನು ಮುರಿಯುತ್ತದೆಂದು ಗೊತ್ತಿರಲಿಲ್ಲ.

ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ನಾನು ಕೊಟ್ಟದ್ದು ಮಾತು ಮಾತ್ರ. ಬಸ್ಸು ಹತ್ತಲು ನಾನು ಹೇಳಿಕೊಟ್ಟಿರಲಿಲ್ಲ.

ಈಗ ಯಾವ ಕೊನೆ ಆಡಬೇಕೋ ನೀವೇ ನಿರ್ಧಾರ ಮಾಡಿ. ಆದರೆ ನನ್ನ ಹೆಸರು ಎಲ್ಲೂ ಬೇಡ. ನಾಟಕದ ಭಾನುವಾರದೊಳಗೆ ಇದು ನಿಮ್ಮ ಕೈ ಸೇರುತ್ತದೆ ಎಂದುಕೊಂಡಿದ್ದೇನೆ.

ಮೀನಾಕ್ಷಮ್ಮ

*

ಕೆ. ಹೊಸಕೋಟೆ
6 ಫೆಬ್ರವರಿ 2024

ಮೀನಾಕ್ಷಮ್ಮನವರೇ,

ಪತ್ರ ಭಾನುವಾರದೊಳಗೆ ಸೇರಲಿಲ್ಲ. ರಸ್ತೆ ಪಕ್ಕದ ಎಸ್ಟೇಟಿನಲ್ಲಿ ಆನೆ ಹಿಂಡು ಬೀಡುಬಿಟ್ಟಿತ್ತು. ಅಂಚೆಯವನು ಮೂರು ದಿನ ಈ ಕಡೆ ಬರಲಿಲ್ಲ. ನಿನ್ನೆ ಸೋಮವಾರ ತಂದುಕೊಟ್ಟ. ಅಷ್ಟರಲ್ಲಿ ನಾಟಕ ಮುಗಿದಿತ್ತು.

ಮೊದಲು ನನ್ನದೂ ಒಂದು ಸುಳ್ಳು ಒಪ್ಪಿಸಿಬಿಡುತ್ತೇನೆ. ಇಲ್ಲಿ ಟವರ್ ಚೆನ್ನಾಗಿಯೇ ಸಿಗುತ್ತದೆ. ನನಗೆ ಕಿವಿ ಕೇಳುವುದಿಲ್ಲ. ಎರಡು ವರ್ಷವಾಯಿತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಎದುರು ಕೂತು ಕೂಗಿದರೆ ನಾಲ್ಕರಲ್ಲಿ ಒಂದು ಮಾತು. ಗುರು ಕಿವಿಗೆ ಮೆಷಿನ್ ಕೊಡಿಸಿದ. ಹಾಕಿಕೊಂಡರೆ ಕಾಫಿ ಹಣ್ಣು ಸುಲಿಯುವ ಪಲ್ಪರ್ ಓಡಿದಂಥ ಸದ್ದು ಬಿಟ್ಟು ಬೇರೇನಿಲ್ಲ. ಪಾತ್ರ ಬಾಯಿಪಾಠ ಮಾಡಿದ್ದು ಜಾಣತನದಿಂದಲ್ಲ, ವಿಂಗಿನಿಂದ ಯಾರು ಎತ್ತಿಕೊಟ್ಟರೂ ಕೇಳುವುದಿಲ್ಲ ಎಂಬ ಹೆದರಿಕೆಯಿಂದ. ಬೇರೆ ಪಾತ್ರದವರ ಬಾಯಿ ನೋಡಿ ನನ್ನ ಸರದಿ ತಿಳಿದುಕೊಳ್ಳುತ್ತಿದ್ದೆ. ನಿಮಗೆ ಬರೆಯಲು ನಾಚಿಕೆಯಾಯಿತು. ನಿಮ್ಮ ದನಿಯನ್ನು ನಂಬಿ ಇಷ್ಟು ವರ್ಷ ರಂಗದ ಮೇಲೆ ನಿಂತವನು ನಾನು.

ಶಾಲೆಯ ಮೈದಾನದಲ್ಲಿ ಪೆಂಡಾಲ್ ಹಾಕಿದ್ದರು. ಬೆಳಗೋಡಿನಿಂದ, ಆಲೂರಿನಿಂದ ಹಳಬರೆಲ್ಲ ಬಂದಿದ್ದರು. ಅತ್ತಿಗೆ ಮುಂದಿನ ಸಾಲಿನಲ್ಲೇ, ಕುರ್ಚಿಯ ಮೇಲೆ. ಬಿಸಿಲಿಗೆ ರವಿಚಂದ್ರನ ಮೀಸೆ ಎರಡು ಸಲ ಬಿತ್ತು. ಉಳಿದದ್ದು ಚೆನ್ನಾಗಿ ನಡೆಯಿತು. ಮೂರನೇ ದೃಶ್ಯದ ಪದವನ್ನೂ ಹೇಳಿದೆ, ತಾಳ ಸರಿಯಿತ್ತೋ ಇಲ್ಲವೋ ದೇವರೇ ಬಲ್ಲ.

ಕೊನೆಯ ದೃಶ್ಯ ಬಂತು. ಗುರು ಕತ್ತಿ ಹಿಡಿದು ಎದುರು ನಿಂತ. 'ಅನ್ನ ಕೊಟ್ಟ ಅರಸನ ಪಕ್ಷ' ಎಂದು ಶುರು ಮಾಡಬೇಕು. ಒಂದು ತಿಂಗಳು ಉರುಹಾಕಿದ ಮಾತು, ನಾಲಿಗೆಗೆ ಬರಲಿಲ್ಲ. ಮೊದಲಿನ ಅಭ್ಯಾಸ, ವಿಂಗಿನ ಕಡೆ ತಿರುಗಿದೆ. ದೀಪಶ್ರೀ ಟೀಚರ್ ಪುಸ್ತಕ ಹಿಡಿದು ಬಾಯಿ ಆಡಿಸುತ್ತಲೇ ಇದ್ದರು. ನನಗೆ ಒಂದಕ್ಷರ ಕೇಳುತ್ತಿಲ್ಲ. ಜನವೆಲ್ಲ ನೋಡುತ್ತಿದ್ದಾರೆ. ಆಗ, ಮೀನಾಕ್ಷಮ್ಮನವರೇ, ನಿಮ್ಮ ದನಿ ಕೇಳಿಸಿತು. ಬೆಳಗೋಡಿನದೇ ದನಿ. ನಾನು ಮಂಡಿಯೂರಿದೆ. ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ಗುರುವಿನ ಮುಂದೆ ಹಿಡಿದು, ಇದು ನಿನ್ನ ತಂದೆಯದು ಎಂದೆ. ತಡವಾಗಿ ಬಂದಿದ್ದೇನೆ ಎಂದೆ. ಎಷ್ಟು ಗಟ್ಟಿಯಾಗಿ ಹೇಳಿದೆನೋ ನನಗೆ ಗೊತ್ತಿಲ್ಲ.

ಅವನಿಗೆ ಇದು ತಾಲೀಮಿನಲ್ಲಿ ಇಲ್ಲದ್ದು. ಹೊಡೆಯಲು ಎತ್ತಿದ ಕತ್ತಿಯನ್ನು ಹಾಗೇ ಹಿಡಿದು ನಿಂತ. ಆಮೇಲೆ ಕೆಳಗಿಟ್ಟ. ನಾವು ಆಡುತ್ತಿದ್ದ ಪಾಠದ ಪ್ರಕಾರ ಅವನು 'ಏಳಿ ದಳವಾಯಿಗಳೇ' ಎನ್ನಬೇಕು, ಅದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಅವನ ಬಾಯಿಯನ್ನೇ ನೋಡುತ್ತಿದ್ದೆ. 'ಏಳು ಚಿಕ್ಕಪ್ಪಾ' ಎಂದ. ನನಗೆ ಕೇಳಿಸಲಿಲ್ಲ, ಕಂಡಿತು. ಎರಡು ತೋಳು ಹಿಡಿದು ಎಬ್ಬಿಸಿದ. ಸಿಂಹಾಸನದ ಮೇಲೆ ಕೂತ ರವಿಚಂದ್ರ ಏನು ಮಾಡಬೇಕೆಂದು ತಿಳಿಯದೆ ತಾನಾಗಿ ಎದ್ದು ಒಳಕ್ಕೆ ಹೋದ. ಪರದೆ ಎಳೆದರು. ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ನಾನು ಅತ್ತೆ, ಮುಚ್ಚಿಡುವುದೇನು.

ಶ್ರೀನಾಥ್ ಅವತ್ತು ಸಿಟ್ಟಿನಲ್ಲಿ ಕೈಬರಹದ ಪ್ರತಿ ಎತ್ತಿಕೊಂಡು ಹೊರಟುಹೋದ. ಇವತ್ತು ಬೆಳಿಗ್ಗೆ ಬಂದ. ನಾಟಕವನ್ನು ಅಚ್ಚು ಹಾಕಿಸುತ್ತೇವೆ, ಕೊನೆಯ ದೃಶ್ಯ ನೀವು ಹೇಳಿದಂತೆಯೇ ಇರಲಿ, ಆದರೆ ಅದು ಯಾರು ಬರೆದದ್ದು ಎಂದು ಚೀಟಿಯಲ್ಲಿ ಬರೆದು ಕೇಳಿದ. ನಿಮ್ಮ ಪತ್ರ ಜೇಬಿನಲ್ಲೇ ಇತ್ತು. ಹೆಸರು ಬೇಡ ಎಂದಿದ್ದೀರಿ. ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಎಂದೆಂದೂ ನಿಮ್ಮ ಋಣಿ,
ಮಹಾದೇವಯ್ಯ

*

ಗದಗ
15 ಫೆಬ್ರವರಿ 2024

ದಳವಾಯಿಗಳೇ,

ನಿಮ್ಮ ಪತ್ರ ಓದಿ ಹೊಸ ಕಣ್ಣಿಗೆ ನೀರು ಬಂದು ತಂಗಿಯಿಂದ ಬೈಸಿಕೊಂಡೆ.

ಹೋದ ಪತ್ರದಲ್ಲಿ ಒಂದು ವಿಷಯ ಬಿಟ್ಟಿದ್ದೆ. ಒಂಬತ್ತನೇ ದಿನ ಯಜಮಾನರು ಬರೆಯಲು ಕೂತಾಗ ಆ ಮಾತು ಅವರಿಗೆ ನೆನಪಿರಲಿಲ್ಲವಂತೆ. 'ಅದೇನೋ ಹೇಳಿದ್ಯಲ್ಲ, ಇನ್ನೊಂದು ಸಲ ಹೇಳು' ಎಂದರು. ಹೇಳಿದೆ. ಬರೆದ ಮೇಲೆ ಮತ್ತೆ ಹೇಳಿಸಿದರು. ಬರೆದಾದ ಮೇಲೂ ಏಕೆ ಕೇಳಿದರು ಎಂದು ಆಗ ಯೋಚಿಸಲಿಲ್ಲ. ಈಗ ಅನ್ನಿಸುತ್ತದೆ, ಅವರಿಗೆ ಆ ಮಾತು ಇಷ್ಟವಾಗಿತ್ತು. ಹೇಳಲು ಬಾಯಿ ಬರಲಿಲ್ಲ, ಅಷ್ಟೇ.

ಶ್ರೀನಾಥನಿಗೆ ಹೇಳಿ: ಮೇಷ್ಟ್ರು ಬರೆದ ಕೊನೆಯನ್ನೂ ಹಾಕಲಿ, ಅದು ಅವರದು. ಅದರ ಮುಂದಿನ ಪುಟದಲ್ಲಿ ನನ್ನದನ್ನು ನನ್ನ ಹೆಸರಿನಲ್ಲೇ ಹಾಕಲಿ. ಹೆಸರು ಬೇಡ ಎಂದು ಬರೆದವಳೂ ನಾನೇ. ಪಕ್ಷ ಬದಲಿಸುವ ಹಕ್ಕು ನಿಮಗೊಬ್ಬರಿಗೇ ಬರೆದುಕೊಟ್ಟಿದೆಯೇನು? ಮತ್ತೆ, ಗುರು ಹೇಳಿದ 'ಏಳು ಚಿಕ್ಕಪ್ಪಾ' ಎನ್ನುವುದನ್ನೂ ಸೇರಿಸಲು ಹೇಳಿ. ನಾಟಕದಲ್ಲಿ ದಳವಾಯಿ ಹುಡುಗನಿಗೆ ಚಿಕ್ಕಪ್ಪನಲ್ಲ ಎಂದು ಶ್ರೀನಾಥ್ ತಕರಾರು ತೆಗೆಯುತ್ತಾನೆ. ತೆಗೆಯಲಿ, ನಾನು ಬಂದು ಮಾತಾಡುತ್ತೇನೆ.

ಹೌದು, ಬರುತ್ತಿದ್ದೇನೆ. ಕಾಫಿ ಹೂವಾಗುವ ಹೊತ್ತಿಗೆ. ನಿಮ್ಮ ಅತ್ತಿಗೆಯ ಜೊತೆ ಎರಡು ದಿನ ಇರಬೇಕು. ನಿಮ್ಮ ಎದುರು ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಬಲಗಿವಿಯ ಕಡೆ. ಇಷ್ಟು ವರ್ಷ ನಿಮಗೆ ಏನು ಹೇಳಿದರೂ ಮರೆಯಲ್ಲಿ ನಿಂತು ಪಿಸುಮಾತಿನಲ್ಲೇ ಹೇಳಿದ್ದೇನೆ. ಇನ್ನು ಗಟ್ಟಿಯಾಗಿ ಹೇಳುತ್ತೇನೆ. ಊರಿಗೆಲ್ಲ ಕೇಳಿಸಿದರೆ ಕೇಳಿಸಲಿ.

ಮೀನಾಕ್ಷಮ್ಮ